ಗೆರೆ ಎಳೆಯುವ ಮುಂಚೆ ನಮ್ಮ ಕೌಂಟರ್‌ಗೂ ಒಮ್ಮೆ ಬನ್ನಿ: ಹಣಕಾಸು ಸಚಿವರಿಗೆ ಬೈಕ್ ಸ್ಪೇರ್ಸ್ ವ್ಯಾಪಾರಿಯ ಬಹಿರಂಗ ಪತ್ರ

ಮಾನ್ಯ ಕೇಂದ್ರ ಹಣಕಾಸು ಸಚಿವರಾದ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ.

ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡವನು. ಇಪ್ಪತ್ತಾರು ವರ್ಷ ಆಯ್ತು. ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಗ್ಯಾಸ್ಕೆಟ್, ಕೇಬಲ್, ಬೇರಿಂಗ್. ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತಿದರೆ ರಾತ್ರಿ ಎಂಟರವರೆಗೆ ಇದೇ ಕೆಲಸ. ನೀವು ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು. ಅದಕ್ಕೇ ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಬರೆಯಲು ಕಾರಣ ಒಂದು ಪ್ರಶ್ನೆ. 2025ರ ಫೆಬ್ರವರಿ 1ಕ್ಕೆ ನೀವು ಬಜೆಟ್ ಮಂಡಿಸಿದಿರಿ. ಎರಡು ದಿನ ಬಿಟ್ಟು ಹಾಸನದ ಕಡೆಯ ಒಬ್ಬರು ಅಂಗಡಿಗೆ ಬಂದರು. ಬ್ಯಾಂಕಿನಲ್ಲಿ ಗುಮಾಸ್ತರು. ಆರು ವರ್ಷ ಹಳೆಯ ವಿದೇಶಿ ಬೈಕನ್ನು ಸೆಕೆಂಡ್ ಹ್ಯಾಂಡಲ್ಲಿ ಕೊಂಡಿದ್ದರು. ಕಂಪನಿಯ ಹೆಸರು ಬೇಡ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್‌ನ ಆಯಿಲ್ ಸೀಲ್ ಹೋಗಿತ್ತು. ಎಣ್ಣೆ ಸೋರಿ ಬ್ರೇಕ್ ಡಿಸ್ಕ್ ಮೇಲೆ ಬೀಳಬಾರದು ಅಂತ ಫೋರ್ಕ್ ಪೈಪಿಗೆ ಹಳೇ ಕಾಲುಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಬಂದಿದ್ದರು. ಕಾಲುಚೀಲ ಎಣ್ಣೆ ಕುಡಿದು ಕಪ್ಪಗಾಗಿತ್ತು. ಪೇಪರ್ ತೋರಿಸಿ ಕೇಳಿದರು: "ಅಣ್ಣ, ಫಾರಿನ್ ಬೈಕಿಗೆ ಡ್ಯೂಟಿ ಕಡಿಮೆ ಆಯ್ತಂತಲ್ಲ. ಈ ಸೀಲ್ ಈಗಲಾದರೂ ಸಿಗುತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೀಲ್ ಅಂದರೆ ಬಳೆಯಷ್ಟು ದಪ್ಪದ ಒಂದು ರಬ್ಬರ್ ಉಂಗುರ, ಒಳಗೊಂದು ಸಣ್ಣ ಸ್ಪ್ರಿಂಗು. ಅದನ್ನು ಹೊರದೇಶದಿಂದ ತರಿಸಿದೆವು. ಬರಲು ಎರಡು ತಿಂಗಳು ಹಿಡಿಯಿತು. ಸೀಲಿನ ಬೆಲೆಗಿಂತ ಡ್ಯೂಟಿ, ಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಚಾರ್ಜು ಸೇರಿ ಬಿದ್ದ ಖರ್ಚೇ ಜಾಸ್ತಿ ಆಯ್ತು. ಆ ಎರಡು ತಿಂಗಳು ಅವರು ದಿನಾ ಆ ಬೈಕಿನಲ್ಲೇ ಕೆಲಸಕ್ಕೆ ಹೋದರು. ಮುಂದಿನ ಬ್ರೇಕ್ ಹಿಡಿಯಲು ಭಯವಾಗುತ್ತದೆ ಅಂತ ಫೋನಿನಲ್ಲಿ ಹೇಳುತ್ತಿದ್ದರು. ಆ ಮಾತು ನನ್ನ ತಲೆಯಿಂದ ಹೋಗಿಲ್ಲ.

ಬೈಕಿನ ಸುಂಕ ಅಂದ ಕೂಡಲೇ ದೊಡ್ಡವರೆಲ್ಲ ಮಾತಾಡುವುದು ಶೋರೂಮಿನ ಗಾಜಿನ ಹಿಂದೆ ನಿಂತ ಹೊಸ ಬೈಕಿನ ಬಗ್ಗೆ. ಅದನ್ನು ಕೊಂಡ ಮೇಲೆ ಹತ್ತು ವರ್ಷ ಓಡಿಸಬೇಕಾದವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಸ್ಪೇರ್ ಪಾರ್ಟ್ಸ್ ಬಗ್ಗೆ, 350 ಸಿಸಿ ದಾಟಿದ ಬೈಕಿಗೆ ಜಾಸ್ತಿ ತೆರಿಗೆ ಅಂತ ಎಳೆದ ಗೆರೆಯ ಬಗ್ಗೆ, ನಾನು ಅವರ ಪರವಾಗಿ ಬರೆಯುತ್ತಿದ್ದೇನೆ. (ಸಿಸಿ ಅಂದರೆ ಎಂಜಿನ್ ಗಾತ್ರದ ಅಳತೆ.)

ಮೊದಲು ಒಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ನೋಡಿ. ಆ ಬಜೆಟ್‌ನಲ್ಲಿ ಪೂರ್ತಿ ಜೋಡಿಸಿ ಬರುವ ಬೈಕುಗಳ ಮೇಲಿನ ಕಸ್ಟಮ್ಸ್ ಸುಂಕ ಇಳಿಯಿತು. 1600 ಸಿಸಿವರೆಗಿನ ಬೈಕಿಗೆ ಶೇ. 50 ಇದ್ದದ್ದು 40 ಆಯ್ತು. ಅದಕ್ಕೂ ದೊಡ್ಡ ಎಂಜಿನ್ ಇದ್ದರೆ 50ರಿಂದ 30ಕ್ಕೆ ಬಂತು. ಬಿಡಿಬಿಡಿಯಾಗಿ ತಂದು ಇಲ್ಲೇ ಜೋಡಿಸುವ ಬೈಕಿನ ಕಿಟ್‌ಗೆ 15 ಇದ್ದದ್ದು 10 ಆಯ್ತು. ಇದು ಒಳ್ಳೆಯದೇ. ಆದರೆ ಅದೇ ವರ್ಷ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಬದಲಾಯಿತು. 350 ಸಿಸಿಗಿಂತ ದೊಡ್ಡ ಬೈಕಿಗೆ ಮೊದಲು 28 ಜಿಎಸ್‌ಟಿ, ಮೇಲೆ 3 ಸೆಸ್, ಒಟ್ಟು 31 ಇತ್ತು. ಅದು 40 ಆಯ್ತು.

ಈಗ ಹತ್ತು ಲಕ್ಷ ರೂಪಾಯಿ ಮೌಲ್ಯದ ಒಂದು ಬೈಕು ಚೆನ್ನೈ ಬಂದರಿಗೆ ಬಂದು ಇಳಿಯಿತು ಅಂದುಕೊಳ್ಳಿ. ಎಂಜಿನ್ ಸಾವಿರ ಸಿಸಿ. ಸಣ್ಣಪುಟ್ಟ ಚಾರ್ಜುಗಳನ್ನು ಬಿಟ್ಟುಬಿಡೋಣ. ಹಳೇ ಲೆಕ್ಕದಲ್ಲಿ ಕಸ್ಟಮ್ಸ್ ಸೇರಿ 15 ಲಕ್ಷ. ಅದರ ಮೇಲೆ 31 ಹಾಕಿದರೆ 19 ಲಕ್ಷ 65 ಸಾವಿರ. ಹೊಸ ಲೆಕ್ಕದಲ್ಲಿ ಕಸ್ಟಮ್ಸ್ ಸೇರಿ 14 ಲಕ್ಷ. ಅದರ ಮೇಲೆ 40 ಹಾಕಿದರೆ 19 ಲಕ್ಷ 60 ಸಾವಿರ. ಎರಡಕ್ಕೂ ಇರುವ ವ್ಯತ್ಯಾಸ ಐದು ಸಾವಿರ ರೂಪಾಯಿ! ಫೆಬ್ರವರಿಯಲ್ಲಿ ಕೊಟ್ಟದ್ದು ಸೆಪ್ಟೆಂಬರ್‌ನಲ್ಲಿ ವಾಪಸ್ ಹೋಯಿತು. ಪೂರ್ತಿ ಜೋಡಿಸಿ ಬರುವ ದೊಡ್ಡ ಬೈಕುಗಳಲ್ಲಿ ನಿಜವಾಗಿ ಉಳಿತಾಯ ಆದದ್ದು 1600 ಸಿಸಿ ದಾಟಿದವರಿಗೆ ಮಾತ್ರ. ಅದೇ ಹತ್ತು ಲಕ್ಷದ ಲೆಕ್ಕದಲ್ಲಿ ಅವರಿಗೆ ಸುಮಾರು ಒಂದೂವರೆ ಲಕ್ಷ ಉಳಿಯುತ್ತದೆ. ಅಂಥ ಎಂಜಿನ್ ಯಾರ ಬೈಕಿನಲ್ಲಿರುತ್ತದೆ ಅಂತ ನಿಮಗೆ ಗೊತ್ತು. ಹೆಚ್ಚಾಗಿ ಅಮೆರಿಕದ ದೊಡ್ಡ ಕ್ರೂಸರ್‌ಗಳು.

ಅಮೆರಿಕ ಕೇಳಿದ್ದಕ್ಕೆ ಇಳಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ವ್ಯಾಪಾರದಲ್ಲಿ ಕೊಡು-ತಗೋ ಇದ್ದದ್ದೇ. 2007ರಲ್ಲಿ ನಮ್ಮ ಮಾವಿನ ಹಣ್ಣು ಅಮೆರಿಕಕ್ಕೆ ಹೋಗಲು ಅವರು ಬಾಗಿಲು ತೆಗೆದರು, ಹಾರ್ಲೆ ಡೇವಿಡ್ಸನ್ ಬೈಕು ಇಲ್ಲಿ ಬರಲು ನಾವು ಹೊಗೆ ನಿಯಮ ಸಡಿಲಿಸಿದೆವು. 2018ರಲ್ಲಿ 75 ಇದ್ದ ಸುಂಕ 50 ಆಯ್ತು. ಆಗಲೂ ಅಲ್ಲಿನ ಅಧ್ಯಕ್ಷ ಟ್ರಂಪ್ ಅವರಿಗೆ ಸಮಾಧಾನ ಆಗಲಿಲ್ಲ. ಇಷ್ಟು ವರ್ಷ ಎರಡು ದೇಶದ ನಾಯಕರು ಒಂದು ಬೈಕಿನ ಬಗ್ಗೆ ಮಾತಾಡಿದರು. ಅಷ್ಟರಲ್ಲಿ ಆ ಬೈಕಿಗೇ ಇಲ್ಲಿ ಏನಾಯಿತು ನೋಡಿ. ಹರಿಯಾಣದ ಬಾವಲ್‌ನಲ್ಲಿ 2011ರಲ್ಲಿ ಶುರುವಾದ ಹಾರ್ಲೆ ಘಟಕ 2020ರಲ್ಲಿ ಮುಚ್ಚಿತು. ಕೊನೆಗೆ ವರ್ಷಕ್ಕೆ ಮೂರು ಸಾವಿರ ಬೈಕು ಕೂಡ ಮಾರಾಟ ಆಗುತ್ತಿರಲಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ ಎರಡು ಕೋಟಿ ದ್ವಿಚಕ್ರ ವಾಹನ ಮಾರಾಟವಾಗುವ ದೇಶ ನಮ್ಮದು, ಅಲ್ವಾ?

ಆಮೇಲೆ ಅದೇ ಕಂಪನಿ ಹೀರೋ ಜೊತೆ ಕೈಜೋಡಿಸಿತು. 2023ರಲ್ಲಿ ಎಕ್ಸ್440 ಅಂತ ಒಂದು ಬೈಕು ಬಂತು. ರಾಜಸ್ಥಾನದ ನೀಮ್ರಾನಾದಲ್ಲಿ ತಯಾರು. ಶುರುವಿನ ಬೆಲೆ 2 ಲಕ್ಷ 29 ಸಾವಿರ. ಮಧ್ಯಮ ವರ್ಗದ ಹುಡುಗನೊಬ್ಬ ಹಾರ್ಲೆ ಹೆಸರಿನ ಬೈಕು ಹತ್ತಿದ್ದು ಸುಂಕ ಇಳಿದು ಅಲ್ಲ, ಬೈಕು ಇಲ್ಲೇ ತಯಾರಾಗಿ. ಈಗ ಅದೇ ಬೈಕಿಗೆ ನೀವು ಶೇ. 40 ತೆರಿಗೆ ಹಾಕಿದ್ದೀರಿ. 440 ಸಿಸಿ ಇದೆ ಅನ್ನುವ ಒಂದೇ ಕಾರಣಕ್ಕೆ.

ನನಗೆ ನಿಮ್ಮ ಜೊತೆ ಮುಖ್ಯವಾಗಿ ಮಾತಾಡಬೇಕಾದದ್ದು ಈ ಸಿಸಿ ಗೆರೆಯ ಬಗ್ಗೆಯೇ.

ನಲವತ್ತು ವರ್ಷದ ಹಿಂದೆ ಅಮೆರಿಕದವರೂ ಇಂಥದ್ದೇ ಒಂದು ಗೆರೆ ಎಳೆದಿದ್ದರು. ಆಗ ಹಾರ್ಲೆ ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. ಜಪಾನಿನ ಬೈಕುಗಳು ರಾಶಿ ರಾಶಿ ಬಂದು ಬಿದ್ದಿದ್ದವು. ಕಂಪನಿ ಸರ್ಕಾರದ ಮೊರೆ ಹೋಯಿತು. 1983ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೇಗನ್ 700 ಸಿಸಿಗಿಂತ ದೊಡ್ಡ ವಿದೇಶಿ ಬೈಕುಗಳ ಸುಂಕವನ್ನು 4.4ರಿಂದ ಒಂದೇ ಸಲ 49.4ಕ್ಕೆ ಏರಿಸಿದರು. ಐದು ವರ್ಷದಲ್ಲಿ ಹಂತ ಹಂತವಾಗಿ ಇಳಿಸುವುದಾಗಿ ಅವತ್ತೇ ಹೇಳಿದ್ದರು.

ಜಪಾನಿನವರು ಏನು ಮಾಡಿದರು? 750 ಸಿಸಿ ಎಂಜಿನ್ನುಗಳನ್ನು ಸ್ವಲ್ಪ ಕುಗ್ಗಿಸಿ 699 ಸಿಸಿ ಮಾಡಿದರು. ಬೇರೆ ದೇಶದಲ್ಲಿ 750 ಆಗಿ ಮಾರುತ್ತಿದ್ದ ಬೈಕೇ ಅಮೆರಿಕದಲ್ಲಿ 700 ಆಗಿ ಬಂತು. ಹೋಂಡಾ ಮತ್ತು ಕವಾಸಾಕಿಗೆ ಅಲ್ಲೇ ಫ್ಯಾಕ್ಟರಿಗಳೂ ಇದ್ದವು. ಅಲ್ಲಿ ಜೋಡಿಸಿದ ಬೈಕಿಗೆ ಸುಂಕವೇ ತಟ್ಟಲಿಲ್ಲ. ಪಾಪ, ಆ ಕಾಲದ ಅಮೆರಿಕದ ಬೈಕ್ ಮಾಲೀಕರ ಪಾಡು ಯೋಚಿಸಿ. ಒಂದೇ ಹೆಸರಿನ ಬೈಕು, ಪಿಸ್ಟನ್ ಬೇರೆ, ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಅಗಲ ಬೇರೆ. ಕೌಂಟರ್ ಹಿಂದೆ ನಿಲ್ಲುವ ನನ್ನಂಥವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎರಡು ಮೂರು ವರ್ಷ ಮಾತ್ರ ತಯಾರಾದ ಎಂಜಿನ್ನಿಗೆ ಇಪ್ಪತ್ತು ವರ್ಷ ಆದಮೇಲೆ ಪಿಸ್ಟನ್ ರಿಂಗ್ ಹುಡುಕುವುದು ಸುಲಭದ ಮಾತಲ್ಲ.

ಒಂದು ಮಾತು ಮಾತ್ರ ಮನಸಾರೆ ಹೇಳಬೇಕು. ಹಾರ್ಲೆಯವರು ಆ ಸಮಯವನ್ನು ಹಾಳು ಮಾಡಲಿಲ್ಲ. ಹೊಸ ಎಂಜಿನ್ ತಂದರು, ಫ್ಯಾಕ್ಟರಿ ಸರಿಮಾಡಿಕೊಂಡರು. 1987ರಲ್ಲಿ, ಅವಧಿ ಮುಗಿಯುವ ಮೊದಲೇ, ಇನ್ನು ಈ ಸುಂಕ ಬೇಡ ಅಂತ ತಾವೇ ಹೇಳಿದರು. ರಕ್ಷಣೆ ಕೇಳಿದವರು ತಾವಾಗಿಯೇ ಸಾಕು ಅನ್ನುವುದು ಅಪರೂಪ. ಆ ರಕ್ಷಣೆಗೆ ಒಂದು ಕೊನೆಯ ದಿನ ಇತ್ತು, ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಅದೇ ಅದರ ಗುಟ್ಟು ಅಂತ ನನಗೆ ಅನಿಸುತ್ತದೆ.

ಅದೇ ಹಾರ್ಲೆಗೆ 2018ರಲ್ಲಿ ತಿರುಗಿ ಏಟು ಬಿತ್ತು. ಅಮೆರಿಕ ಯುರೋಪಿನ ಉಕ್ಕು, ಅಲ್ಯೂಮಿನಿಯಂ ಮೇಲೆ ಸುಂಕ ಹಾಕಿತು. ಯುರೋಪಿನವರು ಸಿಟ್ಟಿಗೆದ್ದು ಅಮೆರಿಕದ ಬೈಕಿನ ಮೇಲೆ 6 ಇದ್ದದ್ದನ್ನು 31 ಮಾಡಿದರು. ಒಂದೊಂದು ಬೈಕಿಗೆ ಸರಾಸರಿ 2,200 ಡಾಲರ್ ಹೊರೆ ಅಂತ ಕಂಪನಿಯೇ ಹೇಳಿಕೊಂಡಿತು. ಕೊನೆಗೆ ಯುರೋಪಿಗೆ ಕಳಿಸುವ ಬೈಕುಗಳನ್ನು ಅಮೆರಿಕದ ಹೊರಗೆ, ಥಾಯ್ಲೆಂಡ್‌ನಲ್ಲಿ ತಯಾರಿಸುವ ದಾರಿ ಹಿಡಿಯಿತು. ಉಕ್ಕಿನ ಕಾರ್ಖಾನೆ ಉಳಿಸಲು ಹಾಕಿದ ಸುಂಕ, ಬೈಕಿನ ಕಾರ್ಖಾನೆಯ ಕೆಲಸವನ್ನು ದೇಶದ ಆಚೆ ಕಳಿಸಿತು.

ಈಗ ನಮ್ಮ 350ಕ್ಕೆ ಬರುತ್ತೇನೆ.

ಮೇಡಂ, ಮೊದಲು ಮನಸ್ಸು ತುಂಬಿ ಧನ್ಯವಾದ ಹೇಳುತ್ತೇನೆ. 350 ಸಿಸಿವರೆಗಿನ ಬೈಕಿಗೆ 28 ಇದ್ದ ಜಿಎಸ್‌ಟಿಯನ್ನು 18 ಮಾಡಿದಿರಿ. ಈ ದೇಶದಲ್ಲಿ ಮಾರಾಟವಾಗುವ ನೂರು ಬೈಕಿನಲ್ಲಿ ತೊಂಬತ್ತಕ್ಕೂ ಜಾಸ್ತಿ ಇದರೊಳಗೇ ಬರುತ್ತವೆ. ಹಾಲು ಹಾಕುವವರು, ಡೆಲಿವರಿ ಹುಡುಗರು, ಹೊಲಕ್ಕೆ ಹೋಗುವವರು, ಎಲ್ಲರಿಗೂ ಅನುಕೂಲ ಆಯ್ತು. ಸ್ಪೇರ್ ಪಾರ್ಟ್ಸ್‌ಗೂ 28 ಹೋಗಿ 18 ಆಯ್ತು. ಸೆಪ್ಟೆಂಬರ್ 21ರ ಭಾನುವಾರ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ನಾನು, ನನ್ನ ಮಗಳು, ಅಂಗಡಿಯ ಹುಡುಗ ಮೂವರೂ ಕೂತು ಡಬ್ಬಿಗಳ ಮೇಲೆ ಹೊಸ ಎಂಆರ್‌ಪಿ ಸ್ಟಿಕರ್ ಅಂಟಿಸಿದೆವು. ಒಂದು ಬ್ರೇಕ್ ಪ್ಯಾಡ್ ಸೆಟ್ಟಿಗೆ 1,280 ಇದ್ದದ್ದು 1,180. ಮಗಳು ಬರೆದುಕೊಡುವುದು, ಹುಡುಗ ಅಂಟಿಸುವುದು. ರಾತ್ರಿ ಹನ್ನೊಂದಾಯಿತು. ಮಾರನೇ ದಿನ ಬಂದ ಗಿರಾಕಿಯೊಬ್ಬರು ಹಳೇ ಸ್ಟಿಕರನ್ನು ಉಗುರಿನಲ್ಲಿ ಎಬ್ಬಿಸಿ ನೋಡಿ, "ನೂರು ರೂಪಾಯಿ ಉಳೀತು, ಹಾಗಾದ್ರೆ ಕೇಬಲ್ಲೂ ಕೊಡಿ" ಅಂದರು. ಕ್ಲಚ್ ಕೇಬಲ್ ಎಳೆ ಬಿಚ್ಚಿಕೊಂಡಿದ್ದರೂ ಎರಡು ತಿಂಗಳಿಂದ ಮುಂದೂಡುತ್ತಿದ್ದರಂತೆ. ಸ್ಪೇರ್ ಪಾರ್ಟ್ಸ್ ಬೆಲೆ ಇಳಿದರೆ ಹೀಗೆ ನೇರವಾಗಿ ರಸ್ತೆಯ ಮೇಲಿನ ಸುರಕ್ಷತೆಗೆ ಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ 351ನೇ ಸಿಸಿಯಿಂದ 40 ಯಾಕೆ? ಈ 40 ನೀವು ಪಾನ್ ಮಸಾಲಕ್ಕೆ, ಐಷಾರಾಮಿ ಕಾರಿಗೆ ಇಟ್ಟಿರುವ ದರ. 400 ಸಿಸಿ ಬೈಕು ಐಷಾರಾಮವೇ? ತೆರಿಗೆ ಬಿಟ್ಟು ಎರಡು ಲಕ್ಷ ಬೀಳುವ ಬೈಕು ಅಂದುಕೊಳ್ಳಿ. 18 ಹಾಕಿದರೆ 2 ಲಕ್ಷ 36 ಸಾವಿರ. ಹಳೇ 31ರಲ್ಲಿ 2 ಲಕ್ಷ 62 ಸಾವಿರ. ಈಗಿನ 40ರಲ್ಲಿ 2 ಲಕ್ಷ 80 ಸಾವಿರ. ಗೆರೆಯ ಈಚೆಗೂ ಆಚೆಗೂ 44 ಸಾವಿರ ರೂಪಾಯಿ ಅಂತರ. ಅದರ ಮೇಲೆ ನಮ್ಮ ರಾಜ್ಯದ ಲೈಫ್ ಟೈಮ್ ಟ್ಯಾಕ್ಸನ್ನೂ ಬೈಕಿನ ಬೆಲೆ ನೋಡಿಯೇ ಲೆಕ್ಕ ಹಾಕುತ್ತಾರೆ. ತೆರಿಗೆ ಏರಿದ್ದಕ್ಕೆ ಇನ್ನೊಂದು ತೆರಿಗೆ.

ಹೊಸಕೋಟೆಯ ಒಬ್ಬ ಹುಡುಗ ನನ್ನ ಅಂಗಡಿಗೆ ಹಳೇ 150 ಸಿಸಿ ಬೈಕಿನ ಪಾರ್ಟ್ಸಿಗೆ ಬರುತ್ತಾನೆ. ಲ್ಯಾಬ್ ಟೆಕ್ನಿಷಿಯನ್. ಮೂರು ವರ್ಷ ಚೀಟಿ ಕಟ್ಟಿದ್ದಾನೆ, 400 ಸಿಸಿ ಬೈಕು ಕೊಳ್ಳಬೇಕು ಅಂತ. ಅವನಿಗೆ ಫಾರಿನ್ನು ಬೇಕಿಲ್ಲ, ಇಲ್ಲೇ ತಯಾರಾಗುವ ಬೈಕೇ ಬೇಕು. ಚೀಟಿ ಎತ್ತುವ ಹೊತ್ತಿಗೆ ಜಿಎಸ್‌ಟಿ ಬದಲಾಗಿತ್ತು. ಕೆಲವು ಕಂಪನಿಗಳು ಸ್ವಲ್ಪ ಕಾಲ ಆ ಹೊರೆಯನ್ನು ತಾವೇ ಹೊತ್ತುಕೊಂಡವು, ಕೆಲವು ಬೆಲೆ ಏರಿಸಿದವು. ಅವನು ನೋಡಿಟ್ಟ ಬೈಕಿನ ಬೆಲೆ ಏರಿತು. ಈಗಲೂ ಹಳೇ ಬೈಕೇ ಓಡಿಸುತ್ತಿದ್ದಾನೆ. ಹೋದ ತಿಂಗಳು ಬೋರ್ ಕಿಟ್ ಹಾಕಿಸಿದ.

ಇಲ್ಲಿ ಇನ್ನೊಂದು ವಿಷಯ ಇದೆ. ಟ್ರಯಂಫ್ ಹೆಸರಿನ ಸ್ಪೀಡ್ 400 ಬೈಕು ಪುಣೆ ಹತ್ತಿರದ ಚಾಕನ್‌ನಲ್ಲಿ ತಯಾರಾಗುತ್ತದೆ. ಹಿಮಾಲಯನ್ 450, ರಾಯಲ್ ಎನ್‌ಫೀಲ್ಡ್‌ನ 650 ಬೈಕುಗಳು ಚೆನ್ನೈ ಕಡೆಯವು. ನಮ್ಮವರು ನೂರು, ನೂರೈವತ್ತು ಸಿಸಿಯಲ್ಲಿ ಪ್ರಪಂಚಕ್ಕೇ ಗುರುಗಳಾಗಿದ್ದರು. 400, 650ರಲ್ಲಿ ಕಾಲಿಟ್ಟದ್ದು ಇತ್ತೀಚೆಗೆ. ರಾಯಲ್ ಎನ್‌ಫೀಲ್ಡ್ 2024-25ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬೈಕು ಮಾರಿತು, ಅದರಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಹೊರದೇಶಕ್ಕೆ ಹೋಯಿತು. ಹೊರದೇಶದಲ್ಲಿ ಜಪಾನಿನವರ ಎದುರು ನಿಲ್ಲಬೇಕಾದರೆ ಊರಲ್ಲಿ ಒಂದಿಷ್ಟು ಮಾರಾಟ ಇರಬೇಕು. ಊರಲ್ಲೇ ಆ ಬೈಕಿಗೆ 40 ಹಾಕಿದರೆ ಹೇಗೆ? ಎಲ್ಲ ದ್ವಿಚಕ್ರ ವಾಹನಕ್ಕೂ ಒಂದೇ 18 ಇರಲಿ ಅಂತ ಆ ಕಂಪನಿಯ ಸಿದ್ಧಾರ್ಥ ಲಾಲ್ ಬಹಿರಂಗವಾಗಿಯೇ ಕೇಳಿದ್ದರು. ನಾನೊಬ್ಬ ಸಣ್ಣ ವ್ಯಾಪಾರಿ, ಆದರೆ ಈ ವಿಷಯದಲ್ಲಿ ಅವರ ಮಾತು ನನ್ನ ಮಾತೂ ಹೌದು.

ಗೆರೆ ಹೀಗೇ ಇದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. 398, 399 ಸಿಸಿ ಎಂಜಿನ್ನುಗಳನ್ನು 350ರ ಒಳಗೆ ತರುವ ಮಾತು ಈಗಾಗಲೇ ಕೇಳಿಬರುತ್ತಿದೆ. ಅಮೆರಿಕದ 699ರ ಕಥೆಯೇ ಇಲ್ಲಿ 349 ಆಗಿ ಮರುಕಳಿಸುತ್ತದೆ. ಎಂಜಿನಿಯರ್‌ಗಳ ವರ್ಷಗಟ್ಟಲೆ ದುಡಿಮೆ ಹೊಗೆ ಕಡಿಮೆ ಮಾಡುವುದಕ್ಕಲ್ಲ, ಮೈಲೇಜ್ ಜಾಸ್ತಿ ಮಾಡುವುದಕ್ಕಲ್ಲ, ಒಂದು ಸಂಖ್ಯೆಯ ಕೆಳಗೆ ನುಸುಳುವುದಕ್ಕೆ ಖರ್ಚಾಗುತ್ತದೆ. ಇವತ್ತು 399 ಸಿಸಿ ಬೈಕು ಕೊಂಡವರು ಹತ್ತು ವರ್ಷ ಬಿಟ್ಟು ನನ್ನ ಕೌಂಟರ್ ಮುಂದೆ ನಿಂತು ಪಿಸ್ಟನ್ ಕೇಳುತ್ತಾರೆ. ಆಗ ನಾನು ಏನು ಹೇಳಲಿ?

ವಿದೇಶಿ ಮಾಲಿನ ಮೇಲೆ ಸುಂಕವೇ ಬೇಡ ಅನ್ನುವವನಲ್ಲ ನಾನು. ನಮ್ಮ ಮನೆಗೇ ಸುಂಕದ ಋಣ ಇದೆ. ನಮ್ಮ ದೊಡ್ಡಪ್ಪ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. ಹೊರಗಿನ ಬೈಕು ತರಿಸುವುದಕ್ಕೆ ಅಷ್ಟು ಸುಲಭಕ್ಕೆ ಬಿಡದ ಕಾಲ ಅದು. ಅದಕ್ಕೇ ಚೆಕ್ ದೇಶದ ಜಾವಾ ಬೈಕು 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗಲು ಶುರುವಾಯಿತು. ಮೊದಲು ಭಾಗಗಳನ್ನು ತಂದು ಜೋಡಿಸಿದರು, ಆಮೇಲೆ ಎಲ್ಲವನ್ನೂ ಇಲ್ಲೇ ಮಾಡಲು ಕಲಿತರು. 1970ರ ದಶಕದಲ್ಲಿ ಅದೇ ಯೆಜ್ಡಿ ಆಯ್ತು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್! ದೊಡ್ಡಪ್ಪ ಅದನ್ನು ನನಗೆ ತೋರಿಸಿಕೊಟ್ಟಾಗ ನನಗೆ ಏಳು ವರ್ಷ. ಬೈಕಿನ ಹುಚ್ಚು ಹಿಡಿದದ್ದೇ ಅವತ್ತು. ಆ ಕಾರ್ಖಾನೆಯಿಂದ ಮೈಸೂರಿನಲ್ಲಿ ಎಷ್ಟು ಜನ ಟರ್ನರ್, ಫಿಟ್ಟರ್, ಮೆಕ್ಯಾನಿಕ್‌ಗಳಾದರು, ಎಷ್ಟು ಮನೆ ನಡೆದವು.

ಆದರೆ ಅದೇ ರಕ್ಷಣೆಯ ನೆರಳಲ್ಲಿ ಬೈಕು ಹೆಚ್ಚು ಬದಲಾಗಲಿಲ್ಲ. 1984ರ ಹೊತ್ತಿಗೆ ಜಪಾನಿನವರ ಜೊತೆ ಕೂಡಿ ಬೈಕು ಮಾಡಲು ಸರ್ಕಾರ ಅವಕಾಶ ಕೊಟ್ಟಿತು. ಹೀರೋ ಹೋಂಡಾ ಬಂತು, ಟಿವಿಎಸ್ ಸುಜುಕಿ ಬಂತು, 1985ರಲ್ಲಿ ಯಮಹಾದ ಆರ್‌ಎಕ್ಸ್ 100 ಬಂತು. ಪೆಟ್ರೋಲ್ ಕಡಿಮೆ ಕುಡಿಯುವ, ಹಗುರವಾದ ಬೈಕುಗಳು. ಜನ ಅತ್ತ ತಿರುಗಿದರು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ದೊಡ್ಡಪ್ಪ ತೀರಿಕೊಳ್ಳುವವರೆಗೂ ಆ ಮಾತು ಬಂದರೆ ಸುಮ್ನಾಗಿಬಿಡುತ್ತಿದ್ದರು. ಹಾರ್ಲೆಯವರಿಗೆ ಕೊಟ್ಟ ಹಾಗೆ ಇವರಿಗೂ "ಇಷ್ಟು ವರ್ಷ ರಕ್ಷಣೆ, ಅಷ್ಟರಲ್ಲಿ ತಯಾರಾಗಿ" ಅಂತ ಯಾರಾದರೂ ಹೇಳಿದ್ದರೆ? ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಇವತ್ತಿಗೂ ಯೆಜ್ಡಿ ಇಟ್ಟುಕೊಂಡವರು ನನ್ನ ಹತ್ತಿರ ಬರುತ್ತಾರೆ. ಪಾಯಿಂಟ್ ಸೆಟ್ಟು, ಕ್ಲಚ್ ಪ್ಲೇಟು ಸಿಗುತ್ತದೆ. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ ಆಗುತ್ತಾ ಬಂತು, ಪಾರ್ಟ್ಸ್ ಮಾತ್ರ ಸಿಗುತ್ತಿದೆ. ಯಾಕೆಂದರೆ ಅದನ್ನು ಮಾಡುವ ಕೈಗಳು ಈ ದೇಶದಲ್ಲೇ ಇದ್ದವು. ಹಾಸನದ ಆ ಗುಮಾಸ್ತರ ಆರು ವರ್ಷದ ಬೈಕಿಗೆ ಒಂದು ಸೀಲ್ ಸಿಗಲಿಲ್ಲ.

ಈ ಕೈಗಳ ವಿಷಯ ಬಂದದ್ದಕ್ಕೆ ಪೀಣ್ಯದ ಮಾತೂ ಹೇಳಿಬಿಡುತ್ತೇನೆ. ಅಲ್ಲಿ ನನಗೆ ಗೊತ್ತಿರುವ ಒಬ್ಬರು ಸಣ್ಣ ಲೇತ್ ಶಾಪ್ ನಡೆಸುತ್ತಾರೆ. ಎಂಟು ಜನ ಕೆಲಸದವರು. ಬುಷ್, ಪಿನ್, ಸ್ಪೇಸರ್ ತಿರುಗಿಸಿ ದೊಡ್ಡ ಕಂಪನಿಗೆ ಕೊಡುತ್ತಾರೆ, ಅವರು ಅದನ್ನು ಹೊರಗೆ ಕಳಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸಾಮಾನಿನ ಮೇಲೆ ಶೇ. 50 ಸುಂಕ ಹಾಕಿದಾಗ ಇವರಿಗೆ ಮೇಲಿನಿಂದ ಒಂದೇ ಸಾಲಿನ ಮೆಸೇಜು ಬಂತು: ಮುಂದಿನ ಲಾಟ್ ಸದ್ಯಕ್ಕೆ ತಡೆಯಿರಿ. ಆಮೇಲೆ ದರ ಬದಲಾಗುತ್ತಾ ಹೋಯಿತು. ಆದರೆ ಆ ತಿಂಗಳು ಎಂಟರಲ್ಲಿ ಇಬ್ಬರನ್ನು ಊರಿಗೆ ಕಳಿಸಿದ್ದರು. ಅದರಲ್ಲಿ ಒಬ್ಬ ವಾಪಸ್ ಬರಲಿಲ್ಲ. ಅಮೆರಿಕದವರ ಜೊತೆ, ಯುರೋಪಿನವರ ಜೊತೆ ಮಾತುಕತೆಗೆ ಕೂರುವಾಗ ನಿಮ್ಮ ಅಧಿಕಾರಿಗಳ ಫೈಲಿನಲ್ಲಿ ದೊಡ್ಡ ಬೈಕಿನ ಹೆಸರು ಇರುತ್ತದೆ. ಬುಷ್ ತಿರುಗಿಸುವ ಈ ಎಂಟು ಜನ ಇರುತ್ತಾರಾ ಅಂತ ನನಗೆ ಚಿಂತೆ.

ನನ್ನ ಬೇಡಿಕೆಗಳು ದೊಡ್ಡವಲ್ಲ ಮೇಡಂ.

350ರ ಗೆರೆಯನ್ನು ಅಳಿಸಿ. ಅಳಿಸಲು ಆಗದಿದ್ದರೆ ಸಿಸಿ ಬದಲು ಬೆಲೆಯನ್ನು ನೋಡಿ. ನಾಲ್ಕೈದು ಲಕ್ಷ ದಾಟಿದ ಬೈಕಿಗೆ ಜಾಸ್ತಿ ತೆರಿಗೆ ಹಾಕಿದರೆ ನನ್ನ ತಕರಾರಿಲ್ಲ. ಎರಡೂವರೆ ಲಕ್ಷದ ಬೈಕಿಗೂ ಇಪ್ಪತ್ತು ಲಕ್ಷದ ಬೈಕಿಗೂ ಒಂದೇ 40 ಅನ್ನುವುದು ನ್ಯಾಯ ಅಲ್ಲ.

ವಿದೇಶಿ ಕಂಪನಿಗೆ ಸುಂಕ ಇಳಿಸಿ ಕೊಡುವಾಗ ಒಂದು ಷರತ್ತು ಹಾಕಿ. ಇಲ್ಲಿ ಮಾರಿದ ಪ್ರತಿ ಬೈಕಿಗೂ ಕನಿಷ್ಠ ಹತ್ತು ವರ್ಷ ಸ್ಪೇರ್ ಪಾರ್ಟ್ಸ್ ಸಿಗಬೇಕು. ಅವರು ಶೋರೂಮ್ ಮುಚ್ಚಿ ಹೋದರೂ ಸಿಗಬೇಕು. ದೇಶದ ಎಲ್ಲಾದರೂ ಒಂದು ಗೋಡೌನ್ ಇರಲಿ, ಸಾಕು. ನಮ್ಮಂಥವರು ತರಿಸಿಕೊಳ್ಳುತ್ತೇವೆ. ರಿಯಾಯಿತಿ ತಗೊಂಡವರು ಇಷ್ಟಾದರೂ ಕೊಡಬೇಕಲ್ವಾ? ಬ್ರೇಕ್, ಫೋರ್ಕ್, ಟೈರ್, ಚೈನ್, ಅಂದರೆ ಜೀವಕ್ಕೆ ಸಂಬಂಧಪಟ್ಟ ಭಾಗಗಳು ಬಿಡಿಯಾಗಿ ಬಂದರೆ ಅವಕ್ಕೆ ಕಸ್ಟಮ್ಸ್ ಸುಂಕ ಅತಿ ಕಡಿಮೆ ಇರಲಿ. ಇದರಿಂದ ಖಜಾನೆಗೆ ಆಗುವ ನಷ್ಟ ದೊಡ್ಡದಾಗಿರಲಿಕ್ಕಿಲ್ಲ. ರಸ್ತೆಯಲ್ಲಿ ಒಂದು ಜೀವ ಉಳಿದರೆ ಅದು ನಷ್ಟವೂ ಅಲ್ಲ.

ಮತ್ತೆ, ದರ ಬದಲಿಸುವ ಮುಂಚೆ ನಮಗೆ ಸ್ವಲ್ಪ ಸಮಯ ಕೊಡಿ. 2025ರಲ್ಲಿ ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಆಯ್ತು, 22ಕ್ಕೆ ಜಾರಿ. ನಡುವಿನ ಹತ್ತೊಂಬತ್ತು ದಿನ ನನ್ನ ಅಂಗಡಿಗೆ ಹೆಚ್ಚುಕಡಿಮೆ ಯಾರೂ ಬರಲಿಲ್ಲ. ಎಲ್ಲರೂ 22 ಆಗಲಿ ಅಂತ ಕಾದರು. ಕಡಿಮೆ ಆಗುವುದಕ್ಕೆ ಕಾದರು, ಸರಿ. ಆದರೆ ಏರುವ ಸರದಿ ಬಂದ 400 ಸಿಸಿಯ ಗಿರಾಕಿಗಳು ಅಷ್ಟೇ ದಿನದಲ್ಲಿ ದುಡ್ಡು ಹೊಂದಿಸಬೇಕಿತ್ತು. ಹೊಸಕೋಟೆಯ ಹುಡುಗನ ಚೀಟಿ ಎತ್ತುವ ತಿಂಗಳು ಅಕ್ಟೋಬರ್.

ಜಿಎಸ್‌ಟಿ ಕೌನ್ಸಿಲ್‌ನ ಅಧ್ಯಕ್ಷರೂ ನೀವೇ. ನಮ್ಮ ರಾಜ್ಯದ ಪ್ರತಿನಿಧಿಯೂ ಆ ಮೇಜಿನ ಸುತ್ತ ಕೂರುತ್ತಾರೆ. ಈ ಪತ್ರದ ಒಂದು ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ 350ರ ಗೆರೆ ಮತ್ತು ಸ್ಪೇರ್ ಪಾರ್ಟ್ಸ್ ಎರಡನ್ನೂ ಸೇರಿಸಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಬೆಂಗಳೂರಿಗೆ ಬಂದಾಗ ಒಂದರ್ಧ ಗಂಟೆ ಬಿಡುವಿದ್ದರೆ ಜೆ.ಸಿ. ರಸ್ತೆಗೂ ಬನ್ನಿ. ಆಯಿಲ್ ಸೀಲ್ ಹೇಗಿರುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಬಹುದು.

ಇಂತಿ ನಮಸ್ಕಾರಗಳೊಂದಿಗೆ,

ಜೆ.ಸಿ. ರಸ್ತೆಯ ಒಬ್ಬ ಬೈಕ್ ಸ್ಪೇರ್ ಪಾರ್ಟ್ಸ್ ವ್ಯಾಪಾರಿ
ಬೆಂಗಳೂರು